ಪುಟದಂಚಿನ ಕುರಿಗಾಹಿ

ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಹುಳಿ ಬಂದ ಅಂಬಲಿಯನ್ನು ಕಿಲುಬು ಹಿಡಿದ ತಾಮ್ರದ ಚೆಂಬಿನಲ್ಲಿ ಇಟ್ಟ ಹಾಗೆ. ಹೋದ ತಿಂಗಳು ಮೊಮ್ಮಗಳ ಪಿಯುಸಿ ರೆಕಾರ್ಡಿಗೆ ರಟ್ಟು ಹಾಕಿಸಲು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಗೆ ಹೋಗಿದ್ದೆ. ಕೈಯಿಂದ ಹೊಲಿದು ಬೈಂಡ್ ಮಾಡುವ ಅಂಗಡಿ ಅದೊಂದೇ ಉಳಿದಿದೆ ಎಂದು ಯಾರೋ ಹೇಳಿದ್ದರು. ಹೊಸ್ತಿಲು ದಾಟುವ ಮೊದಲೇ ಆ ವಾಸನೆ ಮೂಗಿಗೆ ಹೊಡೆಯಿತು, ನನ್ನ ಕಾಲು ಅಲ್ಲೇ ನಿಂತಿತು.

ಒಳಗಿದ್ದ ಹುಡುಗಿ ಪುಸ್ತಕ ತಿರುಗಿಸಿ ನೋಡಿ, "ಅಂಚು ಕತ್ತರಿಸಿ ಸಮ ಮಾಡ್ಲೇನ್ರಿ ಅಜ್ಜಾರ?" ಎಂದಳು.

"ಬ್ಯಾಡ. ಒಂದು ಎಳಿಯಷ್ಟೂ ಬ್ಯಾಡ" ಎಂದೆ. ಗದರಿದ ಹಾಗೇ ಆಯಿತು. ಆ ಹುಡುಗಿ ನನ್ನನ್ನು ಒಂದು ಥರ ನೋಡಿದಳು. ಮೊಮ್ಮಗಳಂತೂ ಒರಟು ಅಂಚಿನ ರೆಕಾರ್ಡು ಕಂಡು ಮೂಗು ಮುರಿದಳು. ನಾನು ಇಬ್ಬರಿಗೂ ಕಾರಣ ಹೇಳಲಿಲ್ಲ. ಹೇಳಬೇಕಾಗಿದ್ದದ್ದು ಅವರಿಗಲ್ಲ.

ದೇವಸುಗೂರಿನ ಹತ್ತಿರ ಹೊಳೆದಂಡೆಯಲ್ಲಿ ಕರೆಂಟಿನ ಕಾರ್ಖಾನೆ ಕಟ್ಟುವ ಕೆಲಸ ಶುರುವಾಗಿದ್ದ ಕಾಲ. ನನಗೆ ಇಪ್ಪತ್ತು. ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ, ಇನ್ನು ಇವನಿಗೆ ಓದು ಹತ್ತುವುದಿಲ್ಲ ಎಂದು ಅಪ್ಪ ತೀರ್ಮಾನಿಸಿ, ರಾಯಚೂರಿನ ನಮ್ಮ ಅಕ್ಕಿ ಗಿರಣಿಯಲ್ಲಿ ಕೂರಿಸಿದ್ದರು. ಬೆಳಗಿನಿಂದ ಸಂಜೆಯವರೆಗೆ ತೌಡಿನ ಧೂಳು. ನಾನೋ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂರುವ ಗಿರಾಕಿ. ಆ ಧೂಳಿನಲ್ಲಿ ನನಗಿದ್ದ ಒಂದೇ ಸುಖವೆಂದರೆ ಚಿತ್ರಕಥೆ ಪುಸ್ತಕ.

ರೈಲ್ವೆ ಸ್ಟೇಷನ್ನಿನಲ್ಲಿ ಇಂಗ್ಲಿಷಿನವು ಸಿಗುತ್ತಿದ್ದವು. ಬೊಂಬಾಯಿಯಿಂದ ಮದ್ರಾಸಿಗೆ ಹೋಗುವ ಗಾಡಿಯ ಪ್ರಯಾಣಿಕರು ಓದಿ ಬಿಟ್ಟುಹೋದವು ರದ್ದಿ ಅಂಗಡಿಗೂ ಬರುತ್ತಿದ್ದವು. ಅವುಗಳಲ್ಲಿ ಮೈಗೆ ಅಂಟಿದ ಬಟ್ಟೆ ತೊಟ್ಟು ಆಕಾಶದಲ್ಲಿ ಹಾರುವ ವೀರರು. ಆದರೆ ನಮ್ಮ ಜೀವ ಇದ್ದದ್ದು ಹುಬ್ಬಳ್ಳಿಯ ಒಂದು ಸಣ್ಣ ಪ್ರೆಸ್ಸಿನಿಂದ ತಿಂಗಳಿಗೊಂದು ಬರುತ್ತಿದ್ದ ಕನ್ನಡ ಪುಸ್ತಕದ ಮೇಲೆ. ಅದರ ವೀರನ ಹೆಸರು ಉರಿಗಣ್ಣ. ಮುಖಕ್ಕೆ ಮುಖವಾಡ, ಭುಜಕ್ಕೆ ಕೆಂಪು ಚಾದರ, ಸಿಟ್ಟು ಬಂದರೆ ಕಣ್ಣಿನಿಂದ ಬೆಂಕಿ. ನಮ್ಮ ಅಜ್ಜಿ ಆ ಹೆಸರು ಕೇಳಿ ಇದು ಸಾಕ್ಷಾತ್ ಶಿವನ ಪುಸ್ತಕವೆಂದು ನಂಬಿ, ಒಂದು ಸಂಚಿಕೆಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಅದನ್ನು ಇಳಿಸಿಕೊಳ್ಳಲು ನಾನು ಎರಡು ದಿನ ಕಾಯಬೇಕಾಯಿತು.

ರಾಯಚೂರಿನ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಆ ಪುಸ್ತಕ ಬರುತ್ತಿದ್ದುದೇ ಬೆರಳೆಣಿಕೆಯಷ್ಟು. ದೇವದುರ್ಗಕ್ಕೂ ಮಾನ್ವಿಗೂ ಒಂದೂ ಹೋಗುತ್ತಿರಲಿಲ್ಲ. ಹೀಗಾಗಿ ಒಂದು ಪದ್ಧತಿ ತಾನಾಗಿ ಬೆಳೆಯಿತು. ನಾನು ಕೊಂಡು ಓದಿದ ಪುಸ್ತಕವನ್ನು ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅಲ್ಲಿ ಖಾಜಾಸಾಬ ಇಳಿಸಿಕೊಂಡು, ಓದಿ, ಸಿರವಾರದ ಮೇಲೆ ಹೋಗುವ ಬಸ್ಸಿಗೆ ಹಾಕುವುದು. ಮಾನ್ವಿಯಲ್ಲಿ ಮಾಳಪ್ಪ ತೆಗೆದುಕೊಂಡು, ತಿಂಗಳ ಕೊನೆಗೆ ನನಗೆ ತಿರುಗಿ ಕಳಿಸುವುದು. ಕಂಡಕ್ಟರಿಗೆ ಎಲೆ ಅಡಿಕೆ, ಒಂದು ಚಹಾ. ಕಳೆದದ್ದು ಒಮ್ಮೆಯೂ ಇಲ್ಲ. ಒಬ್ಬ ಕಂಡಕ್ಟರಂತೂ ತಾನೂ ಓದಲು ಶುರು ಮಾಡಿ, ಕೊಡುವ ಮೊದಲೇ ಕಥೆ ಹೇಳಿಬಿಡುತ್ತಿದ್ದ.

ಖಾಜಾಸಾಬ ದೇವದುರ್ಗದ ದರ್ಜಿ. ನಲವತ್ತು ದಾಟಿದ ಆಸಾಮಿ. ಓದಿದ್ದು ಉರ್ದು. ಕನ್ನಡ ಅಕ್ಷರ ಕಲಿತದ್ದೇ ಉರಿಗಣ್ಣನ ಮಾತುಗಳ ಮೇಲೆ ಬೆರಳಿಟ್ಟು ಎಂದು ತಾನೇ ಹೇಳುತ್ತಿದ್ದ. ಅವನ ಕಣ್ಣು ಕಥೆಯ ಮೇಲೆ ಕಡಿಮೆ, ಬಟ್ಟೆಯ ಮೇಲೆ ಹೆಚ್ಚು. "ಅರೆ, ಈ ಚಿತ್ರದಾಗ ಚಾದರ ಬಲಗಡಿಗಿ ಕಟ್ಯಾನ, ಬಾಜೂ ಚಿತ್ರದಾಗ ಎಡಗಡಿಗಿ ಅದ. ನಡುವ ಬಿಚ್ಚಿ ಕಟ್ಟಾಕ ಅವಗ ಟೈಮ್ ಎಲ್ಲೈತ್ರಿ ಸಾವ್ಕಾರ್?" ಎಂದು ನನ್ನ ಮುಂದೆ ತಕರಾರು ತೆಗೆಯುತ್ತಿದ್ದ. ನೂಲು, ಗುಂಡಿ ಕೊಳ್ಳಲು ರಾಯಚೂರಿಗೆ ಬಂದಾಗಲೆಲ್ಲ ನಮ್ಮ ಗಿರಣಿಗೆ ಬಂದು, ತಿರುಗಿ ಬಂದ ಪುಸ್ತಕಗಳನ್ನು ಇನ್ನೊಮ್ಮೆ ನೋಡಿಯೇ ಹೋಗುತ್ತಿದ್ದ.

ಅವನು ಇನ್ನೊಮ್ಮೆ ನೋಡುತ್ತಿದ್ದದ್ದು ಮಾಳಪ್ಪನಿಗಾಗಿ. ಮಾಳಪ್ಪ ಹಿರೇಕೊಟ್ನೆಕಲ್ಲಿನ ಕುರಿ ಕಾಯುವ ಮನೆತನದವನು, ನನ್ನ ವಾರಿಗೆಯವನು. ಮಾನ್ವಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಉರಿಗಣ್ಣನ ಪುಸ್ತಕದಲ್ಲಿ ಪ್ರತಿ ಪುಟದ ಅಡಿಗೆ ಎರಡು ಬೆರಳಗಲ ಖಾಲಿ ಜಾಗ ಇರುತ್ತಿತ್ತು. ಜಾಹೀರಾತು ಸಿಕ್ಕರೆ ಹಾಕೋಣ ಎಂದು ಬಿಟ್ಟದ್ದಂತೆ. ಜಾಹೀರಾತು ಸಿಗಲೇ ಇಲ್ಲ. ಆ ಖಾಲಿ ಜಾಗದಲ್ಲಿ ಮಾಳಪ್ಪ ಶಾಯಿಪೆನ್ನಿನಿಂದ ಒಬ್ಬ ಕುರಿಗಾಹಿಯನ್ನು ಬರೆದ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಜೊತೆಗೊಂದು ಬಡಕಲು ನಾಯಿ. ಮೇಲಿನ ಚಿತ್ರಗಳಲ್ಲಿ ಉರಿಗಣ್ಣ ಕಳ್ಳರನ್ನು ಸುಟ್ಟು ಬೂದಿ ಮಾಡುತ್ತಿದ್ದರೆ, ಕೆಳಗೆ ಈ ಮನುಷ್ಯ ಕುರಿ ಹೊಡೆದುಕೊಂಡು ಪುಟದಿಂದ ಪುಟಕ್ಕೆ ಹೋಗುತ್ತಿದ್ದ. ಅವನಿಗೆ ಹೆಸರಿಲ್ಲ. ಮಾಳಪ್ಪ ಅವನನ್ನು 'ನಮ್ಮಾಂವ' ಎನ್ನುತ್ತಿದ್ದ, ನಾವೂ ಹಾಗೇ ಅಂದೆವು.

ಮೊದಲ ಸಲ ನೋಡಿದಾಗ ನನ್ನ ಪುಸ್ತಕ ಹೊಲಸು ಮಾಡಿದನಲ್ಲ ಎಂದು ಸಿಟ್ಟು ಬಂದಿತ್ತು. ಎರಡನೆಯ ಪುಟಕ್ಕೆ ನಕ್ಕುಬಿಟ್ಟೆ. ಮೇಲೆ ಉರಿಗಣ್ಣ ಕಟ್ಟಡದಿಂದ ಕಟ್ಟಡಕ್ಕೆ ಜಿಗಿಯುತ್ತಿದ್ದಾನೆ. ಕೆಳಗೆ ನಮ್ಮಾಂವ ರೊಟ್ಟಿ ಬುತ್ತಿ ಬಿಚ್ಚಿ, ಮೇಲೆ ನೋಡಿ, 'ಇವ ಮುಂಜಾನಿಂದ ಏನರ ಉಂಡಾನೋ ಇಲ್ಲೋ' ಎನ್ನುತ್ತಿದ್ದಾನೆ.

ಒಂದು ಭಾನುವಾರ ಮಾಳಪ್ಪ ರಾಯಚೂರಿಗೆ ಬಂದಾಗ ಇದರ ಬಗ್ಗೆ ಕೇಳಿದೆ.

"ಖರೇ ಹೇಳು ಶರಣಪ್ಪ" ಎಂದ. "ಇಂಗ್ಲಿಷಿನವು, ನಮ್ಮವು, ಎಲ್ಲಾ ನೋಡೀವಿ. ಹಾರಾಂವ ಅದಾನ, ಗ್ವಾಡಿ ಒಡಿಯಾಂವ ಅದಾನ. ಒಬ್ಬರೇ ಕುಂತು ಉಂಡದ್ದು ನೋಡೀಯೇನು? ಹಸಿವಿಲ್ಲದಾವಗ ಧೈರ್ಯ ಎದಕ್ಕ ಬೇಕು?"

ಆ ದಿನದಿಂದ ನಾನು ಉರಿಗಣ್ಣನಿಗಿಂತ ನಮ್ಮಾಂವನ ದಾರಿಯನ್ನೇ ಹೆಚ್ಚು ಕಾದೆ. ತಿಂಗಳ ಮೊದಲಿಗೆ ಪುಸ್ತಕ ಕೊಂಡಾಗ ಅಡಿಯ ಬಿಳಿ ಜಾಗ ನೋಡಿ, ಈ ಸಲ ನಮ್ಮಾಂವ ಎತ್ತ ಹೋಗುತ್ತಾನೋ ಎಂದು ಲೆಕ್ಕ ಹಾಕುತ್ತಿದ್ದೆ. ತಿಂಗಳ ಕೊನೆಗೆ ಅದು ತುಂಬಿಕೊಂಡು ಬರುತ್ತಿತ್ತು. ಮಾಳಪ್ಪ ಬರೆದದ್ದನ್ನು ಮೊದಲು ನೋಡುತ್ತಿದ್ದವನು ನಾನು. ಅದರ ಬೆಲೆ ಏನೆಂದು ಆಗ ಗೊತ್ತಿರಲಿಲ್ಲ.

ಮಳೆಗಾಲ ಮುಗಿದು ದೀಪಾವಳಿಯ ಹೊತ್ತಿಗೆ ಭತ್ತ ಬರಲು ಶುರುವಾಯಿತು. ಕಾಲುವೆ ಕಡೆಯ ಊರುಗಳಿಂದ ಬಂದ ಬಂಡಿಗಳು ಗಿರಣಿಯ ಮುಂದೆ ಸಾಲುಗಟ್ಟಿದವು. ನನಗೆ ಕತ್ತೆತ್ತಲೂ ಪುರುಸೊತ್ತಿಲ್ಲ. ಆ ಸುಗ್ಗಿಯಲ್ಲೇ ಅಂಚಿನ ಕಥೆಗೆ ಹೊಸಬನೊಬ್ಬ ಬಂದ. ಗುಂಡಗೆ, ಬೆಳ್ಳಗೆ, ಮೂಗಿಗೆ ಕರ್ಚೀಫು ಕಟ್ಟಿಕೊಂಡವ. ಅಕ್ಕಿಚೀಲದ ಮೇಲೆ ಕುಳಿತು ನಾಯಿಗೆ ಹೆದರುವವ. ಹೆಸರು ತೌಡಪ್ಪ. ನಾಯಿ ಬೊಗಳಿದರೆ ಚೀಲದೊಳಗೆ ಇಳಿದು ಅದರ ಬಾಯಿ ಕಟ್ಟಿಕೊಳ್ಳುತ್ತಿದ್ದ.

ನಾನೇ ಮೊದಲು ಬಿದ್ದುಬಿದ್ದು ನಕ್ಕೆ. ಸುಳ್ಳು ಹೇಳುವುದಿಲ್ಲ. ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಒಯ್ದು ಅಲ್ಲಿ ಸೇರುವ ಓದುಗರಿಗೆಲ್ಲ ತೋರಿಸಿದವನೂ ನಾನೇ. ಅಲ್ಲೇ ಎಡವಿದ್ದು. ವಾರದೊಳಗೆ ಆ ಹೆಸರು ನನಗಿಂತ ಮೊದಲು ಊರು ಸುತ್ತಿತು. ಅಂಗಡಿಗೆ ಹೋದರೆ "ಬರ್ರಿ ತೌಡಪ್ಪನೋರ", ಹೋಟೆಲಿಗೆ ಹೋದರೆ "ತೌಡಪ್ಪಗೊಂದು ಚಾ". ಗಿರಣಿಯ ಹಮಾಲರು ನಾನು ಬಂದೊಡನೆ ಬೌ ಬೌ ಎಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಕ್ಕು ನಕ್ಕು ಸಾಕಾಗಿ ಒಂದು ದಿನ ನಗು ನಿಂತಿತು. ಮಾಳಪ್ಪನಿಗೆ ಹೇಳಿದ್ದರೆ ತೌಡಪ್ಪನನ್ನು ತೆಗೆದುಬಿಡುತ್ತಿದ್ದನೇನೋ. ಆದರೆ ಹೇಳುವುದಾದರೂ ಏನು? ನನಗೆ ನೋವಾಗಿದೆ ಎಂದರೆ ಅದಕ್ಕೂ ನಗುತ್ತಾರೆ ಎಂಬ ಹೆದರಿಕೆ. ಸುಮ್ಮನಿದ್ದು ಒಳಗೊಳಗೇ ಕುದಿದೆ.

ನಮ್ಮ ಕಡೆ ಆಗ ಇನ್ನೊಂದು ರೂಢಿ ಇತ್ತು. ಚಿತ್ರಕಥೆಯ ಅಭಿಮಾನಿ ಎಂದರೆ ಸಾಲದು, ಯುಗಾದಿಯಿಂದ ಯುಗಾದಿಗೆ ಹನ್ನೆರಡು ಸಂಚಿಕೆ ಕೂಡಿಸಿ ಬೈಂಡ್ ಮಾಡಿಸಬೇಕು. ಕೆಂಪು ಕ್ಯಾಲಿಕೊ ಬಟ್ಟೆ, ಬೆನ್ನಿನ ಮೇಲೆ ಚಿನ್ನದ ಅಕ್ಷರದಲ್ಲಿ ಹೆಸರು. ಬಿಡಿ ಪುಸ್ತಕ ಹಿಡಿದವನನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ಸಲ ಯುಗಾದಿ ಕಳೆದ ಮರುವಾರ ನಮ್ಮ ಗಿರಣಿಯ ಗೋದಾಮಿನಲ್ಲಿ ಓದುಗರದೊಂದು ಮೇಳ ಮಾಡುವುದೆಂದು ಅಂಗಡಿಯವರೂ ನಾವೂ ಸೇರಿ ಗೊತ್ತು ಮಾಡಿದ್ದೆವು. ಅವರವರ ಬೈಂಡು ತಂದು ಸಾಲಾಗಿ ಇಡುವುದು, ಕೂತು ವಾದ ಮಾಡುವುದು, ಉಪ್ಪಿಟ್ಟು ತಿನ್ನುವುದು. ಖಾಜಾಸಾಬ ಉರಿಗಣ್ಣನ ಚಾದರ ಹೊಲಿಯುತ್ತೇನೆಂದು ಒಪ್ಪಿಕೊಂಡಿದ್ದ. ಅಪ್ಪ, "ಏನರ ಮಾಡ್ರಿ, ಅಕ್ಕಿ ಚೀಲಕ್ಕ ಕೈ ಹಚ್ಚಬ್ಯಾಡ್ರಿ" ಎಂದಷ್ಟೇ ಹೇಳಿದರು. ಗೋದಾಮು ನಮ್ಮದು, ಹಾಗಾಗಿ ಎಲ್ಲರಿಗಿಂತ ಚೆಂದದ ಬೈಂಡೂ ನನ್ನದೇ ಇರಬೇಕೆಂದು ನನ್ನ ಹಟ.

ಮಾನ್ವಿಯಿಂದ ಹನ್ನೆರಡನೆಯ ಸಂಚಿಕೆ ತಿರುಗಿ ಬಂದ ದಿನವೇ ಹೋಟೆಲಿನಲ್ಲಿ ಯಾರೋ ನನ್ನ ಬೆನ್ನ ಹಿಂದೆ ಬೊಗಳಿದ್ದರು. ಕಂಡಕ್ಟರ್ ಕೊಟ್ಟ ಪೊಟ್ಟಣವನ್ನು ನಾನು ಬಿಚ್ಚಲೂ ಇಲ್ಲ. ಉಳಿದ ಹನ್ನೊಂದರ ಜೊತೆ ಹಾಗೇ ಚೀಲಕ್ಕೆ ತುರುಕಿ ಬೈಂಡರ್ ಈರಯ್ಯನ ಅಂಗಡಿಗೆ ಹೋದೆ.

ಈರಯ್ಯ ವಯಸ್ಸಾದ ಮನುಷ್ಯ. ಒಲೆಯ ಮೇಲೆ ಅಂಟು ಕುದಿಯುತ್ತಿತ್ತು. ಪೊಟ್ಟಣ ಬಿಚ್ಚಿ, ಹನ್ನೆರಡನ್ನೂ ನೆಲಕ್ಕೆ ಕುಟ್ಟಿ ಸಮ ಮಾಡಲು ನೋಡಿದ. ಪ್ರೆಸ್ಸಿನವರು ತಿಂಗಳಿಗೊಂದು ಅಳತೆಯಲ್ಲಿ ಕತ್ತರಿಸಿದ್ದರಿಂದ ಅವು ಒಂದಕ್ಕೊಂದು ಕೂಡಲಿಲ್ಲ. ಆಮೇಲೆ ಪುಟ ತಿರುವಿದ. ಕನ್ನಡಕ ಮೇಲೇರಿಸಿದ.

"ಸಾವ್ಕಾರ, ಎಲ್ಲಾ ಒಂದೊಂದು ಅಳತಿ ಅದಾವ. ಸಮ ಮಾಡಬೇಕಂದ್ರ ಅಡಿಗಿ ಎರಡು ಬಟ್ಟು ಹೋಗ್ತದ. ಅಡಿಗಿ ಏನೋ ಚಿತ್ರ ಬರದಾರಲ್ಲ?"

"ಹೂಂ."

"ಬೇಕಂದ್ರ ಅಂಚು ಹಂಗ ಬಿಟ್ಟು, ಬರೇ ಹೊಲಿಗಿ ಹಾಕಿಕೊಡ್ತೀನಿ. ನೋಡಾಕ ಚಂದ ಇರೂದಿಲ್ಲ ಅಷ್ಟ."

"ಕತ್ತರಿಸ್ರಿ."

"ಒಂದ್ಸಲ ನೋಡಿ ಹೇಳ್ರಿ."

"ನೋಡೀನಿ. ಕತ್ತರಿಸ್ರಿ."

ಎರಡು ಮಾತು. ಹನ್ನೊಂದನ್ನು ನೋಡಿದ್ದೆ, ಹನ್ನೆರಡನೆಯದನ್ನು ನೋಡಿರಲಿಲ್ಲ. ಈರಯ್ಯ ಕತ್ತರಿಸುವ ಯಂತ್ರದ ಚಕ್ರ ತಿರುಗಿಸಿದ. ಕತ್ತಿ ಇಳಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಉದ್ದುದ್ದ ಚೂರುಗಳು ಕೆಳಗಿನ ಬುಟ್ಟಿಗೆ ಬಿದ್ದವು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಹಾಯೆನಿಸಿತು. ಇನ್ನು ಯಾರು ಬೊಗಳುತ್ತಾರೋ ನೋಡೋಣ ಎಂದುಕೊಂಡು ಮನೆಗೆ ಬಂದೆ.

ಎರಡು ದಿನದ ನಂತರ ಖಾಜಾಸಾಬ ಏದುಸಿರು ಬಿಡುತ್ತ ಗಿರಣಿಗೆ ಬಂದ. ಕೈಯಲ್ಲೊಂದು ಕಾರ್ಡು. ಉರಿಗಣ್ಣನ ಚಿತ್ರ ಬರೆಯುವವರಿಗೆ ಅವನು ಯಾರಿಗೂ ಹೇಳದೆ ಪತ್ರ ಬರೆದಿದ್ದನಂತೆ. ನಿಮ್ಮ ಪುಟದ ಕೆಳಗೆ ನಮ್ಮ ಮಾನ್ವಿಯ ಹುಡುಗನೊಬ್ಬ ಕುರಿ ಕಾಯುವವನನ್ನು ನಡೆಸುತ್ತಿದ್ದಾನೆ, ಚಿತ್ರ ನಿಮ್ಮದಕ್ಕಿಂತ ಚಲೋ ಬರೆಯುತ್ತಾನೆ ಎಂದು. ಇನ್ನೊಬ್ಬರಾಗಿದ್ದರೆ ಸಿಟ್ಟಾಗುತ್ತಿದ್ದರು. ಆ ಚಿತ್ರಗಾರರು ಕಾರ್ಡು ಬರೆದಿದ್ದರು. ಯುಗಾದಿಗೆ ರಾಯಚೂರಿನಲ್ಲಿರುವ ಮಗಳ ಮನೆಗೆ ಬರುತ್ತೇನೆ, ನಿಮ್ಮ ಮೇಳಕ್ಕೂ ಬರುತ್ತೇನೆ, ಆ ಪುಸ್ತಕಗಳನ್ನೇ ತೋರಿಸಿ, ನನಗೊಬ್ಬ ಸಹಾಯಕ ಬೇಕಾಗಿದ್ದಾನೆ, ಕೈ ಪಳಗಿದ್ದರೆ ನನ್ನ ಜೊತೆಗೇ ಹುಬ್ಬಳ್ಳಿಗೆ ಕರೆದೊಯ್ಯುತ್ತೇನೆ.

"ಮಾಳಪ್ಪಗ ಹೇಳಿ ಬಂದೀನಿ" ಎಂದ ಖಾಜಾಸಾಬ. ಅವನ ಕಣ್ಣಲ್ಲಿ ನೀರಿತ್ತು. "ಅವರಪ್ಪ ಪರೀಕ್ಷಾ ಮುಗದಕೂಡ್ಲೆ ಕುರಿ ಹಿಂದ ಹೊಂಡು ಅಂದಾನಂತ. ಈಗ ಹುಡುಗ ಹುಬ್ಬಳ್ಳಿ, ಹುಬ್ಬಳ್ಳಿ ಅನ್ಕೋತ ಹುಚ್ಚಾಗ್ಯಾನ. ಪುಸ್ತಕ ಎಲ್ಲದಾವ ಸಾವ್ಕಾರ್?"

"ಬೈಂಡಿಂಗಿಗಿ ಕೊಟ್ಟೀನಿ."

"ಚಲೋ ಆತು. ದೊಡ್ಡವರಿಗಿ ತೋರಸಾಕ ಒಂದು ರೂಪ ಇರಬೇಕು."

ಆಗ ಪುಸ್ತಕ ನನ್ನ ಮನೆಯ ಅಲಮಾರಿನಲ್ಲಿತ್ತು. ಕೆಂಪು ಬಟ್ಟೆ, ಚಿನ್ನದ ಅಕ್ಷರ, ಕತ್ತಿಯ ಹಾಗೆ ನೆಟ್ಟಗಿದ್ದ ಅಂಚು.

ಮೇಳಕ್ಕೆ ಇನ್ನೂ ಹತ್ತು ದಿನ ಇತ್ತು. ನಾನು ಪಶ್ಚಾತ್ತಾಪ ಪಡುವುದು ಕತ್ತರಿಸಿದ್ದಕ್ಕಿಂತ ಹೆಚ್ಚಾಗಿ ಈ ಹತ್ತು ದಿನಗಳಿಗೆ. ಮಾನ್ವಿ ಏನು ಲಂಕೆಯೇ? ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನ ಊಟಕ್ಕೆ ತಿರುಗಿ ಬರಬಹುದು. 'ಹಿಂಗ ಆಗೇದ, ಇಗೋ ಹಾಳಿ, ನಾಕು ಪುಟನಾರ ಹೊಸದಾಗಿ ಬರಿ' ಎಂದಿದ್ದರೆ ಸಾಕಿತ್ತು. ಅವನು ಬೈಯುತ್ತಿದ್ದ, ಬಹುಶಃ ಹೊಡೆಯುತ್ತಿದ್ದ, ಆಮೇಲೆ ಕೂತು ಬರೆಯುತ್ತಿದ್ದ. ನಾನು ದಿನಾ ಬೆಳಗ್ಗೆ ನಾಳೆ ಹೋದರಾಯಿತು ಎಂದುಕೊಂಡೆ. ಗಿರಣಿಯಲ್ಲಿ ಕೆಲಸವಿದೆ ಎಂದುಕೊಂಡೆ. ಚಿತ್ರಗಾರರು ಬರದಿದ್ದರೂ ಬರದಿರಬಹುದು ಎಂದುಕೊಂಡೆ. ಬೇವು ಬೆಲ್ಲ ಕೈಯಲ್ಲಿ ಹಿಡಿದು, ದೇವರೇ ಅವರ ಮಗಳ ಮನೆಯಲ್ಲಿ ಏನಾದರೂ ಅಡಚಣೆ ಬರಲಿ ಎಂದು ಬೇಡಿಕೊಂಡವನು ನಾನು. ಯುಗಾದಿಯ ದಿನ ಮತ್ತೊಬ್ಬರ ಮನೆಗೆ ಕೆಟ್ಟದ್ದು ಬೇಡಿದವನ ಬಾಯಿಗೆ ಬೆಲ್ಲವೂ ಕಹಿಯಾಗಬೇಕಿತ್ತು. ಆಗಲಿಲ್ಲ, ಎರಡು ಸಲ ಕೇಳಿ ತಿಂದೆ.

ಅವರು ಬಂದರು. ರಾಯಚೂರಿನ ಬಿಸಿಲು ಹೇಗೆಂದು ಬಲ್ಲವರಿಗೆ ಹೇಳಬೇಕಿಲ್ಲ. ಗೋದಾಮಿನ ತಗಡು ಕಾದು ಹೆಂಚಾಗಿತ್ತು. ಆದರೂ ಮೂವತ್ತು ಜನ ಸೇರಿದ್ದರು. ಖಾಜಾಸಾಬ ತಾನು ಹೊಲಿದ ಕೆಂಪು ಚಾದರವನ್ನು ತಾನೇ ಹೊದ್ದು, ಗಂಟು ಎಡಕ್ಕೋ ಬಲಕ್ಕೋ ಎಂದು ಎಲ್ಲರನ್ನೂ ಕೇಳುತ್ತ ಓಡಾಡುತ್ತಿದ್ದ. ಹಾರುವವನು ಹೆಚ್ಚೋ, ಉರಿಯುವವನು ಹೆಚ್ಚೋ ಎಂದು ಇಬ್ಬರು ಶಿಕ್ಷಕರು ಕೊರಳ ನರ ಉಬ್ಬಿಸಿ ವಾದಿಸುತ್ತಿದ್ದರು. ಚಿತ್ರಗಾರರು ಸಣ್ಣ ಆಳು, ಮಂದ ಕನ್ನಡಕ, ಬಾಯಲ್ಲಿ ಎಲೆ. ಉರಿಗಣ್ಣನನ್ನು ಹುಟ್ಟಿಸಿದವರು ಇವರೇ ಎಂದರೆ ಯಾರೂ ನಂಬುವಂತಿರಲಿಲ್ಲ. ಮಾಳಪ್ಪ ಮೊದಲ ಬಸ್ಸಿಗೇ ಬಂದಿದ್ದ. ಒಗೆದು ಮಡಿಚಿದ ಬಿಳಿ ಅಂಗಿ, ತಲೆಗೆ ಎಣ್ಣೆ. ಕೈಯಲ್ಲೊಂದು ಬಟ್ಟೆಯ ಗಂಟು. ಹುಬ್ಬಳ್ಳಿಗೆ ಹೋಗುವುದಾದರೆ ಇರಲಿ ಎಂದು ಇನ್ನೊಂದು ಜೊತೆ ಬಟ್ಟೆ ಕಟ್ಟಿಕೊಂಡೇ ಬಂದಿದ್ದ.

ಚಿತ್ರಗಾರರು ಅಕ್ಕಿ ಚೀಲದ ಮೇಲೆ ಕುಳಿತರು. ಖಾಜಾಸಾಬ ನನ್ನ ಬೈಂಡನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವರ ತೊಡೆಯ ಮೇಲಿಟ್ಟ.

"ಬೈಂಡಿಂಗು ಛಂದ ಆಗೇದ" ಎಂದರು ಅವರು. ಪುಟ ತಿರುವಿದರು. ಇನ್ನೊಂದು ತಿರುವಿದರು. "ಎಲ್ಲದಾನಪಾ ನಿನ್ನ ಕುರಿ ಕಾಯಾಂವ?"

ಮಾಳಪ್ಪ, ಬೇರೆ ಯಾರದೋ ಪುಸ್ತಕ ಕೊಟ್ಟಿರಬೇಕೆಂದು ನಗುತ್ತ ಬಗ್ಗಿದ. ನನ್ನ ಹೆಸರು ನೋಡಿದ. ಪುಸ್ತಕ ಕೈಗೆ ತೆಗೆದುಕೊಂಡ. ಒಂದೊಂದೇ ಪುಟದ ಅಡಿಗೆ ಹೆಬ್ಬೆರಳು ಇಟ್ಟು ನೋಡುತ್ತ ಹೋದ. ಕೆಲವು ಕಡೆ ಕೋಲಿನ ತುದಿ ಉಳಿದಿತ್ತು. ಒಂದು ಪುಟದಲ್ಲಿ ನಾಯಿಯ ಎರಡು ಕಿವಿ. ಕಡೆಯ ಸಂಚಿಕೆಯ ಹತ್ತಿರ ಬಂದಾಗ ಅವನ ಕೈ ಜೋರಾಗಿ ತಿರುವತೊಡಗಿತು. ಅಲ್ಲಿ ಏನೂ ಇರಲಿಲ್ಲ.

"ಬೈಂಡರ್ ಕೇಳಲಾರದ ಕತ್ತರಿಸಿಬಿಟ್ಟಾನ" ಎಂದೆ. ನನ್ನ ದನಿ ನನಗೇ ಕೇಳಿಸಿತು. ಖಾಜಾಸಾಬ ಹಣೆ ಹಣೆ ಬಡಿದುಕೊಂಡು ಈರಯ್ಯನಿಗೆ ಶಾಪ ಹಾಕಿದ.

ಚಿತ್ರಗಾರರು ಒಳ್ಳೆಯವರು. ಜೇಬಿನಿಂದ ಪೆನ್ನು ತೆಗೆದು, ಒಂದು ಬಿಳಿ ಹಾಳೆ ತರಿಸಿ, "ಹೋಗ್ಲಿ ಬಿಡು, ಇಲ್ಲೇ ಒಂದು ಬರದು ತೋರಿಸು" ಎಂದರು. ಮೂವತ್ತು ಜನ ಸುತ್ತ ನಿಂತರು. ಮಾಳಪ್ಪ ಹಾಳೆಯ ಅಡಿಗೆ ಒಂದು ತಲೆ ಬರೆದ, ಕಂಬಳಿಯ ಒಂದು ಗೆರೆ ಎಳೆದ. ನಿಂತ. ಅವನ ಬೆವರು ಹಾಳೆಯ ಮೇಲೆ ಬಿತ್ತು.

"ಮ್ಯಾಲ ಏನೂ ಇಲ್ಲಲ್ರಿ" ಎಂದ ಮೆಲ್ಲಗೆ. "ಮ್ಯಾಲ ಕಥಿ ಇಲ್ಲದ ನಮ್ಮಾಂವ ಎತ್ತಾಗ ನೋಡ್ಬೇಕು?"

ಅವರು ಅರ್ಥವಾದವರಂತೆ ತಲೆಯಾಡಿಸಿದರು. ಹುಬ್ಬಳ್ಳಿಗೆ ತಿರುಗಿ ಹೋಗಲು ಸಂಜೆ ಗುಂತಕಲ್ಲಿನ ಗಾಡಿ ಹಿಡಿಯಬೇಕಾಗಿತ್ತು. "ಸಾವಕಾಶ ಬರದು ಕಳಿಸಪಾ, ನೋಡೂಣು" ಎಂದು ಹೆಗಲು ತಟ್ಟಿ ಎದ್ದರು. ಅವರು ಹೋದ ಮೇಲೆ ಮಾಳಪ್ಪ ಒಂದು ತಾಸು ಎಲ್ಲಿಗೋ ಹೋಗಿದ್ದ. ತಿರುಗಿ ಬಂದು ಉಪ್ಪಿಟ್ಟು ತಿಂದ, ಜಮಖಾನೆ ಮಡಿಚಲು ಕೈ ಹಚ್ಚಿದ. ನಾನು ಮತ್ತೆ ಈರಯ್ಯನ ಮಾತೆತ್ತಿದೆ. "ಅವನ್ನ ಬೈಬ್ಯಾಡ. ಮುದುಕ ಅದಾನ" ಎಂದ. ಗಂಟು ಹಿಡಿದುಕೊಂಡು ಮಾನ್ವಿಯ ಕಡೆಯ ಬಸ್ ಹತ್ತಿದ.

ಅವನು ಏನನ್ನೂ ಬರೆದು ಕಳಿಸಲಿಲ್ಲ. ಪರೀಕ್ಷೆ ಮುಗಿಸಿ ಕುರಿಯ ಹಿಂದೆ ಹೋದ. ನಾನು ಹೊಸ ಸಂಚಿಕೆಗಳನ್ನು ಕಳಿಸುತ್ತಲೇ ಇದ್ದೆ, ಅಡಿಯ ಜಾಗ ಬಿಳಿಯಾಗಿಯೇ ತಿರುಗಿ ಬರುತ್ತಿತ್ತು. ಆಮೇಲಾಮೇಲೆ ಪುಸ್ತಕವೇ ನಿಂತಿತು, ಮನೆಮನೆಗೆ ಟಿವಿ ಬಂತು, ಖಾಜಾಸಾಬ ತೀರಿಹೋದ. ನನ್ನ ಮದುವೆಗೆ ಮಾಳಪ್ಪ ಬಂದಿದ್ದ. ತಾನೇ ನೇಯಿಸಿದ ಕಂಬಳಿಯೊಂದನ್ನು ನನ್ನ ಹೆಗಲಿಗೆ ಹೊದಿಸಿ, ಊಟ ಮಾಡಿ ಹೋದ. ಆ ನಂತರ ಅಲ್ಲೊಮ್ಮೆ ಇಲ್ಲೊಮ್ಮೆ ಸಿಕ್ಕಿದ್ದೇವೆ. ಚೀಕಲಪರ್ವಿಯ ಹೊಳೆಗೆ ಹೋದಾಗ ಒಮ್ಮೆ, ಮಾನ್ವಿಯ ಸಂತೆಯಲ್ಲಿ ಒಮ್ಮೆ. ಮಳೆ, ಬೆಳೆ, ಮಕ್ಕಳ ಮಾತು. ಆ ಪುಸ್ತಕದ ಮಾತನ್ನು ಅವನು ಎತ್ತಲಿಲ್ಲ, ಎತ್ತುವ ಧೈರ್ಯ ನನಗಿರಲಿಲ್ಲ.

ಹೋದ ತಿಂಗಳು ಆ ಹುಡುಗಿಯ ಬೈಂಡಿಂಗ್ ಅಂಗಡಿಯಿಂದ ಬಂದ ಮರುದಿನ ಹಿರೇಕೊಟ್ನೆಕಲ್ಲಿಗೆ ಹೋದೆ. ಮಾಳಪ್ಪ ಮನೆಯ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಮೈ ಇಳಿದಿದೆ, ಕೂದಲು ಪೂರ್ತಿ ಬಿಳಿ. ನನ್ನನ್ನು ಕಂಡು, "ಏನಪಾ, ದಾರಿ ತಪ್ಪಿ ಬಂದಿಯೇನು?" ಎಂದು ಕಂಬಳಿ ಹಾಸಿದ. ಅವನ ಹೆಂಡತಿ ನೀರು ಕೊಟ್ಟು, ಚಹಾಕ್ಕೆ ಒಳಗೆ ಹೋದಳು. ಸುತ್ತಿ ಬಳಸಿ ಮಾತಾಡಿದರೆ ಇವತ್ತೂ ತಪ್ಪಿಸಿಕೊಳ್ಳುತ್ತೇನೆ ಎಂದು ಗೊತ್ತಿತ್ತು.

"ಮಾಳಪ್ಪ, ಈರಯ್ಯ ನನ್ನ ಕೇಳಿದ್ದ. ನಾನ ಕತ್ತರಿಸು ಅಂದಿದ್ದೆ."

ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ" ಎಂದ. "ಮ್ಯಾಳದ ದಿನಾನ ಹೋಗಿದ್ನಲ್ಲ ಅವನ ಅಂಗಡಿಗಿ. ಕತ್ತರಿಸಿದ ಚೂರು ಅದಾವೇನಂತ ಕೇಳಾಕ. ಒಲಿಗಿ ಹಾಕಿದ್ದ. ಸಾವ್ಕಾರ ನೋಡೀನಿ ಅಂದ್ರು, ಕತ್ತರಿಸು ಅಂದ್ರು, ನಂದೇನ್ ತಪ್ಪದಪಾ ಅಂತ ಅಳಾಕತ್ತಿದ್ದ ಮುದುಕ."

ನಲವತ್ತು ವರ್ಷ ಗೊತ್ತಿತ್ತು ಅವನಿಗೆ. ಕಂಬಳಿ ಹೊದಿಸುವಾಗಲೂ ಗೊತ್ತಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

"ತೌಡಪ್ಪನ ಸಲುವಾಗಿ ನಂಗ ಸಿಟ್ಟಿತ್ತು" ಎಂದೆ.

"ಅದೂ ಗೊತ್ತದ. ಕಂಡಕ್ಟರ್ ಹೇಳಿದ್ದ, ಮಂದಿ ಭಾಳ ಕಾಡಸಾಕತ್ತಾರ ಅಂತ. ಅದಕ್ಕಂತನ ಕಡೀ ಪುಸ್ತಕದಾಗ..." ಎಂದವನು ಅರ್ಧಕ್ಕೆ ನಿಂತ. ಹಗ್ಗ ಕೆಳಗಿಟ್ಟ. "ಶರಣಪ್ಪ, ಒಂದ ಮಾತು ಕೇಳ್ತೀನಿ. ಕಡೀದು ಓದಿ ಕತ್ತರಿಸಿದ್ಯೋ, ಓದಲಾರದ ಕತ್ತರಿಸಿದ್ಯೋ?"

"ಪೊಟ್ಟಣಾನ ಬಿಚ್ಚಿದ್ದಿಲ್ಲ."

ಅವನು ಬೀದಿಯ ಕಡೆ ತಿರುಗಿದ. ಕುರಿಯ ಮಂದೆಯೊಂದು ಧೂಳೆಬ್ಬಿಸಿ ಹಾದುಹೋಯಿತು.

"ಓದಿ ಕತ್ತರಿಸಿದಿ ಅಂತನ ತಿಳಕೊಂಡಿದ್ನೋ. ನಾ ಬರದದ್ದು ಮೊದಲ ನೋಡಾವ ನೀನ. ನೀನ ನೋಡಿ ಬ್ಯಾಡಂದ ಮ್ಯಾಲ ಹುಬ್ಬಳ್ಳಿಯವ್ರಿಗಿ ಏನ್ ಕಳಸೂದು ಅಂತ ಪೆನ್ನ ಹಿಡೀಲಿಲ್ಲ."

ಚಿತ್ರಗಾರರ ಜೊತೆ ಹುಬ್ಬಳ್ಳಿಗೆ ಹೋಗುವುದು ತಪ್ಪಿತು, ಅದಕ್ಕೇ ಅವನ ಕೈ ನಿಂತಿತು ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅದಲ್ಲ. ನಾನು ಬಾಯಿಬಿಟ್ಟು 'ಓದಿಲ್ಲ' ಎಂದು ಒಂದು ಮಾತು ಹೇಳಿದ್ದರೆ ಅವನು ಬರೆಯುತ್ತಿದ್ದ.

"ಕಡೀ ಪುಸ್ತಕದಾಗ ತೌಡಪ್ಪನ್ನ ಏನ್ ಮಾಡಿದ್ದೆ? ಈಗರ ಹೇಳು" ಎಂದೆ.

ಮಾಳಪ್ಪ ಕಣ್ಣು ಮುಚ್ಚಿದ. ಬೆರಳುಗಳು ಮೊಣಕಾಲ ಮೇಲೆ ಏನನ್ನೋ ಗೀಚಿದವು. ಒಳಗಿನಿಂದ ಚಹಾ ಬಂತು, ಆರಿತು. ಆಮೇಲೆ ಕಣ್ಣು ತೆರೆದು ತಲೆ ಅಲ್ಲಾಡಿಸಿದ.

"ನೆನಪಿಗಿ ಬರವಲ್ದು. ಹೊಳಿ ಇತ್ತು. ತೌಡಪ್ಪ ಇದ್ದ, ಚೀಲದಿಂದ ಹೊರಗ ಬಂದಿದ್ದ. ಮುಂದ ಗೊತ್ತಿಲ್ಲೋ ಶರಣಪ್ಪ. ಚಲೋ ಬರದಿದ್ದೆ ಅನ್ನೂದಷ್ಟ ನೆನಪದ."